ಬಾರ್ಬೇರಿಯನ್‌ಗೆ ಪ್ರಭೇದ ಆರಿಸುವುದು: ಮೊದಲ ಸರದಿಯಿಂದ ಲೆಕ್ಕ ಹಾಕುವ ನನ್ನ ಕ್ರಮ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂದರೆ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದು ಪಾತ್ರವಾಗಿ, ದಾಳ ಉರುಳಿಸಿ ಆಡುವ ಆಟ. ಬಾರ್ಬೇರಿಯನ್ ಅದರಲ್ಲಿ ರೇಜ್ ಎಂಬ ಆವೇಶದಲ್ಲಿ ಕಾದುವ ಯೋಧ, ಪ್ರಭೇದ ಎಂದರೆ ಆ ಪಾತ್ರ ಹುಟ್ಟಿದ ಕುಲ. 2014ರ ನಿಯಮಗಳ ಪ್ರಕಾರ ಹಾಫ್-ಆರ್ಕ್ ಪ್ರಭೇದಕ್ಕೆ ಸ್ಟ್ರೆಂತ್ (ಬಲ) 2, ಕಾನ್‌ಸ್ಟಿಟ್ಯೂಷನ್ (ದೇಹದಾರ್ಢ್ಯ) 1 ಹೆಚ್ಚು ಸಿಗುತ್ತಿತ್ತು. ಮೌಂಟನ್ ಡ್ವಾರ್ಫ್‌ಗೆ ಎರಡರಲ್ಲೂ ಎರಡೆರಡು. ಬಾರ್ಬೇರಿಯನ್ ಆಡುವವರ ಯೋಚನೆ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತಿತ್ತು. 2024ರ ನಿಯಮಗಳಲ್ಲಿ ಈ ಅಂಕಗಳು ಬ್ಯಾಕ್‌ಗ್ರೌಂಡ್‌ನಿಂದ (ಪಾತ್ರದ ಹಿಂದಿನ ಕಸುಬು) ಬರುತ್ತವೆ, ಪ್ರಭೇದದಿಂದ ಏನೂ ಬರುವುದಿಲ್ಲ. ಹಾಗಾಗಿ ಮೊದಲು ಅಂಕಗಳನ್ನು ತೀರ್ಮಾನಿಸಿ ಬದಿಗಿಡುತ್ತೇನೆ. ಅಂಕ ಕೊಳ್ಳಲು ಸಿಗುವ 27 ಪಾಯಿಂಟ್‌ಗಳಲ್ಲಿ ಸ್ಟ್ರೆಂತ್ 15, ಡೆಕ್ಸ್‌ಟೆರಿಟಿ (ಚುರುಕು) 14, ಕಾನ್‌ಸ್ಟಿಟ್ಯೂಷನ್ 15, ವಿಸ್‌ಡಮ್ (ವಿವೇಕ) 10, ಉಳಿದ ಎರಡೂ 8. ಸೋಲ್ಜರ್ ಬ್ಯಾಕ್‌ಗ್ರೌಂಡ್ ಹಿಡಿದರೆ ಸ್ಟ್ರೆಂತ್ 17, ಕಾನ್‌ಸ್ಟಿಟ್ಯೂಷನ್ 16 ಆಗುತ್ತದೆ. ಕವಚವಿಲ್ಲದೆ ಎಸಿ (ಪೆಟ್ಟು ತಾಗಲು ಶತ್ರುವಿನ ದಾಳ ಮುಟ್ಟಬೇಕಾದ ಅಂಕ) 15, ಮೊದಲ ಲೆವೆಲ್‌ನಲ್ಲೇ 15 ಹಿಟ್ ಪಾಯಿಂಟ್ (ಜೀವಬಲ). ಯಾವ ಪ್ರಭೇದ ಆದರೂ ಈ ಅಂಕಿಗಳು ಬಹುತೇಕ ಇವೇ.

ಇನ್ನುಳಿದ ಪ್ರಶ್ನೆ: ರೇಜ್ ಕೊಡದೇ ಇರುವುದನ್ನು ಯಾವ ಪ್ರಭೇದ ಕೊಡುತ್ತದೆ? ರೇಜ್‌ನಲ್ಲಿರುವಾಗ ಕತ್ತಿ, ಬಾಣ, ಗದೆಯ ಪೆಟ್ಟು ಅರ್ಧಕ್ಕಿಳಿಯುತ್ತದೆ, ಸ್ಟ್ರೆಂತ್ ಚೆಕ್ (ಬಲ ಬೇಕಾದ ಕೆಲಸಕ್ಕೆ ಉರುಳಿಸುವ ದಾಳ) ಮತ್ತು ಸ್ಟ್ರೆಂತ್ ಸೇವ್‌ಗೆ (ಅಪಾಯ ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಹಿಡಿಯುವುದು) ಇರುತ್ತದೆ, ಪ್ರತಿ ಹೊಡೆತಕ್ಕೆ 2 ಡ್ಯಾಮೇಜ್ ಹೆಚ್ಚು. ಸಿಗದಿರುವುದು ಮೂರು. ದೂರ ನಿಂತ ಶತ್ರುವನ್ನು ಮುಟ್ಟುವ ದಾರಿ, ಬೆಂಕಿ-ವಿಷಗಳಿಂದ ರಕ್ಷಣೆ, ಮನಸ್ಸಿನ ಮೇಲೆ ಬರುವ ಮಂತ್ರಗಳನ್ನು ತಡೆಯುವ ವಿಸ್‌ಡಮ್ ಸೇವ್. ಈ ಮೂರನೆಯದು ಎಲ್ಲಕ್ಕಿಂತ ಅಪಾಯ. ಹೋಲ್ಡ್ ಪರ್ಸನ್ ಮಂತ್ರ ಒಮ್ಮೆ ತಗುಲಿದರೆ ಪಾತ್ರ ಅಲುಗಾಡದೆ ನಿಲ್ಲುತ್ತದೆ, ಜೊತೆಗೆ ಇನ್‌ಕೆಪಾಸಿಟೇಟೆಡ್ (ಏನೂ ಮಾಡಲಾಗದ ಸ್ಥಿತಿ) ಆದ ಕಾರಣ ರೇಜ್ ಕೂಡ ಆ ಕ್ಷಣದಲ್ಲೇ ಕಳಚಿಹೋಗುತ್ತದೆ.

ಪ್ರಭೇದದ ಶಕ್ತಿಗಳನ್ನು ಓದುವಾಗ ನಾನು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುವುದು ಒಂದೇ ಮಾತು: ಇದಕ್ಕೆ ಏನು ಖರ್ಚಾಗುತ್ತದೆ? ರೇಜ್ ಶುರುಮಾಡಲು ಬೋನಸ್ ಆಕ್ಷನ್ ಬೇಕು, ಅದು ಸರದಿಗೆ ಒಂದೇ ಸಿಗುವ ಚಿಕ್ಕ ಹೆಚ್ಚುವರಿ ಕ್ರಿಯೆ. ಅಂದರೆ ಕಾಳಗದ ಮೊದಲ ಸರದಿಯ ಬೋನಸ್ ಆಕ್ಷನ್ ಆಗಲೇ ಖರ್ಚಾಯಿತು. ಹೆಚ್ಚಿನ ಕಾಳಗಗಳು ಮೂರು-ನಾಲ್ಕು ಸುತ್ತಿಗೆ ಮುಗಿಯುವುದರಿಂದ, ಎರಡನೇ ಸುತ್ತಿಗೆ ತಳ್ಳಲ್ಪಟ್ಟ ಶಕ್ತಿಯ ಬೆಲೆ ಬೇಗ ಇಳಿಯುತ್ತದೆ. ಹೊಡೆತದ ಜೊತೆ ಪುಕ್ಕಟೆಯಾಗಿ ಬರುವ ಶಕ್ತಿ, ಸುಮ್ಮನೆ ಇದ್ದರೂ ಕೆಲಸ ಮಾಡುವ ಶಕ್ತಿ, ಇವು ಬಾರ್ಬೇರಿಯನ್‌ಗೆ ಚಿನ್ನ.

ಈ ಲೆಕ್ಕದಲ್ಲಿ ಗೋಲಾಯತ್ ಎಲ್ಲರಿಗಿಂತ ಮುಂದಿದೆ, ಆದರೆ ಅದರ ಆರು ದೈತ್ಯ ಪೂರ್ವಜರಲ್ಲಿ ಯಾರನ್ನು ಹಿಡಿಯುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೆಚ್ಚಿನವರು ಕಣ್ಣುಮುಚ್ಚಿ ಸ್ಟೋನ್ಸ್ ಎಂಡ್ಯೂರೆನ್ಸ್ ಹಿಡಿಯುತ್ತಾರೆ: ಪೆಟ್ಟು ಬಿದ್ದಾಗ ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ಮಾಡಬಹುದಾದ ಪ್ರತಿಕ್ರಿಯೆ) ಖರ್ಚು ಮಾಡಿ ಒಂದು ಡಿ12 (ಹನ್ನೆರಡು ಮುಖದ ದಾಳ) ಉರುಳಿಸಿ, ಕಾನ್‌ಸ್ಟಿಟ್ಯೂಷನ್ ಮಾಡಿಫೈಯರ್ (16ಕ್ಕೆ 3) ಸೇರಿಸಿ ಅಷ್ಟು ಕಳೆಯುವುದು. ಓದಲು ಚೆನ್ನಾಗಿದೆ. ತೊಡಕು ಕಳೆಯುವ ಕ್ರಮದಲ್ಲಿದೆ. ನಿಯಮದ ಪ್ರಕಾರ ಕೂಡಿಸು-ಕಳೆಗಳು ಮೊದಲು, ಪೆಟ್ಟನ್ನು ಅರ್ಧ ಮಾಡುವ ರೆಸಿಸ್ಟೆನ್ಸ್ ಆಮೇಲೆ. ರೇಜ್‌ನಲ್ಲಿರುವಾಗ 20ರ ಕೊಡಲಿ ಪೆಟ್ಟು ಬಿತ್ತು, ನೀವು 9 ಕಳೆದಿರಿ ಅನ್ನಿ. 11 ಉಳಿದು, ಅರ್ಧವಾಗಿ 5. ಕಳೆಯದೇ ಇದ್ದಿದ್ದರೂ 10 ಮಾತ್ರ ಬೀಳುತ್ತಿತ್ತು. ಒಂಬತ್ತು ಕಳೆದು ಉಳಿಸಿದ್ದು ಐದು. ಅದೇ 20ರ ಬೆಂಕಿ ಪೆಟ್ಟಿಗೆ ಬಳಸಿದರೆ ಪೂರ್ತಿ 9 ಉಳಿಯುತ್ತದೆ. ಆದ್ದರಿಂದ ಸ್ಟೋನ್ ಹಿಡಿದವರು ಅದನ್ನು ಮಂತ್ರಗಳಿಗೂ ಉಸಿರ ಬೆಂಕಿಗೂ ಕಾದಿರಿಸಬೇಕು. ಟೇಬಲ್‌ನಲ್ಲಿ ಮೊದಲ ಕೊಡಲಿ ಪೆಟ್ಟಿಗೇ ಅದನ್ನು ಖಾಲಿ ಮಾಡುವವರೇ ಜಾಸ್ತಿ.

ನನ್ನ ಆಯ್ಕೆ ಹಿಲ್ಸ್ ಟಂಬಲ್. ಹೊಡೆತ ತಾಗಿ ಡ್ಯಾಮೇಜ್ ಆದರೆ, ಶತ್ರುವಿನ ಗಾತ್ರ ಲಾರ್ಜ್ ಅಥವಾ ಅದಕ್ಕಿಂತ ಚಿಕ್ಕದಿದ್ದರೆ, ಅವನು ನೆಲಕ್ಕೆ ಬೀಳುತ್ತಾನೆ. ಸೇವ್ ಇಲ್ಲ, ಬೋನಸ್ ಆಕ್ಷನ್ ಇಲ್ಲ. ಮಾಲ್ ಎಂಬ ದೊಡ್ಡ ಸುತ್ತಿಗೆಗೆ ಇರುವ, ಶತ್ರುವನ್ನು ಬೀಳಿಸುವ ಟಾಪಲ್ ಕೌಶಲಕ್ಕೆ (ಮಾಸ್ಟರಿ) ಕಾನ್‌ಸ್ಟಿಟ್ಯೂಷನ್ ಸೇವ್ ಇದೆ, ಇದಕ್ಕೆ ಅದೂ ಇಲ್ಲ. 5ನೇ ಲೆವೆಲ್‌ನಲ್ಲಿ ಎರಡು ಹೊಡೆತ ಬಂದ ಮೇಲೆ ಇದರ ರುಚಿ ಗೊತ್ತಾಗುತ್ತದೆ. ಮೊದಲನೆಯದು ತಾಗಿ ಬಿದ್ದರೆ ಎರಡನೆಯದಕ್ಕೆ ತಾನಾಗಿ ಅಡ್ವಾಂಟೇಜ್, ಹಾಗಾಗಿ ರೆಕ್‌ಲೆಸ್ ಅಟ್ಯಾಕ್ ಮಾಡಿ ಶತ್ರುಗಳಿಗೆ ನಿಮ್ಮ ಮೇಲೆ ಅಡ್ವಾಂಟೇಜ್ ಕೊಡುವ ಅಗತ್ಯ ಕಡಿಮೆಯಾಗುತ್ತದೆ. ಬಿದ್ದವನು ತನ್ನ ಸರದಿಯಲ್ಲಿ ಅರ್ಧ ನಡಿಗೆ ಖರ್ಚು ಮಾಡಿ ಏಳುತ್ತಾನೆ. ಏಳಬಾರದು ಎಂದರೆ ಎರಡನೇ ಹೊಡೆತದ ಬದಲು ಗ್ರ್ಯಾಪಲ್ ಮಾಡಿ, ಅಂದರೆ ಅವನನ್ನು ಕೈಯಲ್ಲಿ ಹಿಡಿದುಕೊಳ್ಳಿ. ನಡಿಗೆ ಸೊನ್ನೆಯಾದವನು ಏಳಲಾರ. ಅದಕ್ಕೆ ಒಂದು ಕೈ ಖಾಲಿ ಬೇಕು.

ಇಲ್ಲಿ ಕೆಡುವುದು ಎರಡು ಕಡೆ. ಬಿದ್ದವನ ಮೇಲೆ ಅಡ್ವಾಂಟೇಜ್ ಸಿಗುವುದು 5 ಅಡಿಯೊಳಗಿನಿಂದ ಮಾತ್ರ. ಹಾಲ್ಬರ್ಡ್ ಎಂಬ ಉದ್ದ ಹಿಡಿಯ ಕೊಡಲಿಯಿಂದ 10 ಅಡಿ ದೂರ ನಿಂತು ಹೊಡೆದರೆ ಡಿಸ್‌ಅಡ್ವಾಂಟೇಜ್ (ಎರಡು ದಾಳಗಳಲ್ಲಿ ಕಡಿಮೆಯದು). ನಿಮ್ಮ ಗುಂಪಿನ ಬಿಲ್ಲುಗಾರನಿಗೂ ಅದೇ ಗತಿ, ಅವನ ಸರದಿ ನಿಮ್ಮ ಹಿಂದೆಯೇ ಇದ್ದರೆ ಬೀಳಿಸುವ ಮೊದಲು ಒಂದು ಮಾತು ಕೇಳಿ. ಬಿಲ್ಲುಗಾರರೇ ತುಂಬಿದ ಗುಂಪಾದರೆ ಫೈರ್ಸ್ ಬರ್ನ್ ಹಿಡಿಯುವುದು ಮೇಲು. ಹೊಡೆತಕ್ಕೆ ಒಂದು ಡಿ10 ಬೆಂಕಿ, ಯಾರ ಕೆಲಸಕ್ಕೂ ಅಡ್ಡಿಯಿಲ್ಲ. ಕ್ಲೌಡ್ಸ್ ಜಾಂಟ್‌ನ 30 ಅಡಿ ಜಿಗಿತ ಬೋನಸ್ ಆಕ್ಷನ್ ತಿನ್ನುತ್ತದೆ. ಈ ಯಾವುದನ್ನೇ ಹಿಡಿದರೂ ಒಂದು ಲಾಂಗ್ ರೆಸ್ಟ್‌ಗೆ (ಪಾತ್ರದ ದೀರ್ಘ ವಿಶ್ರಾಂತಿ) ಪ್ರೊಫಿಶಿಯನ್ಸಿ ಬೋನಸ್‌ನಷ್ಟು ಸಲ, ಅಂದರೆ 1ರಿಂದ 4ನೇ ಲೆವೆಲ್‌ವರೆಗೆ ಎರಡು, 5ರಿಂದ 8ರವರೆಗೆ ಮೂರು.

5ನೇ ಲೆವೆಲ್‌ಗೆ ಗೋಲಾಯತ್‌ಗೆ ಲಾರ್ಜ್ ಫಾರ್ಮ್ (ದೊಡ್ಡ ಗಾತ್ರ ತಾಳುವ ಶಕ್ತಿ) ಬರುತ್ತದೆ. ಅದು ಕೊಡುವ ಸ್ಟ್ರೆಂತ್ ಚೆಕ್ ಅಡ್ವಾಂಟೇಜ್ ರೇಜ್‌ನಲ್ಲಿ ಆಗಲೇ ಇದೆ, ಎರಡು ಸಲ ಸೇರುವುದಿಲ್ಲ. ನಿಜವಾದ ಲಾಭ ಗಾತ್ರ ಮತ್ತು ನಡಿಗೆ. ಮೂಲ 35 ಅಡಿ, ಬಾರ್ಬೇರಿಯನ್‌ನ ಫಾಸ್ಟ್ ಮೂವ್‌ಮೆಂಟ್ 10, ಲಾರ್ಜ್ ಫಾರ್ಮ್ 10, ಒಟ್ಟು 55 ಅಡಿ. ನಕ್ಷೆಯ ಮೇಲೆ ಹನ್ನೊಂದು ಚೌಕ. ಹ್ಯೂಜ್ ಗಾತ್ರದ ಪ್ರಾಣಿಯನ್ನೂ ಹಿಡಿದು ನಿಲ್ಲಿಸಬಹುದು. ಇದೂ ಬೋನಸ್ ಆಕ್ಷನ್ನೇ, ಆದರೆ 10 ನಿಮಿಷ ಉಳಿಯುತ್ತದೆ. ಬಾಗಿಲ ಆಚೆ ಶತ್ರು ಇದ್ದಾನೆ ಎಂದು ಗೊತ್ತಾದಾಗ ಮೊದಲೇ ದೊಡ್ಡದಾಗಿ, ಒಳಗೆ ಹೋಗಿ ಮೊದಲ ಸರದಿಯಲ್ಲಿ ರೇಜ್ ಮಾಡುವುದು ಸರಿಯಾದ ಕ್ರಮ. ಒಂದೇ ಚೌಕದಗಲದ ಓಣಿಯಲ್ಲಿ ಜಾಗ ಸಾಲದು, ಶಕ್ತಿ ಶುರುವೇ ಆಗುವುದಿಲ್ಲ. ಟೇಬಲ್ ಮೇಲೆ ಇದಕ್ಕೆ ಎರಡು ಇಂಚು ಅಗಲದ ಬೇಸ್ ಬೇಕು. ಹಳೆಯ ಲಗ್ನಪತ್ರಿಕೆಯ ದಪ್ಪ ಕಾರ್ಡನ್ನು ದುಂಡಗೆ ಕತ್ತರಿಸಿ ಮಿನಿಯೇಚರ್ ಕೆಳಗಿಟ್ಟರೆ ಸಾಕು. ಅವೆನ್ಯೂ ರಸ್ತೆಯಿಂದ ತಂದ ಚಾರ್ಟ್ ಪೇಪರ್ ಮೇಲೆ ಇಂಚಿಗೊಂದು ಗೆರೆ ಎಳೆದ ನಕ್ಷೆಗೆ ಅದು ಸರಿಯಾಗಿ ಕೂರುತ್ತದೆ.

ಆರ್ಕ್‌ನ ಹೆಸರು ಎಲ್ಲರ ಬಾಯಲ್ಲೂ ಮೊದಲು ಬರುತ್ತದೆ. ಶೂನ್ಯಕ್ಕಿಳಿದಾಗ ಒಂದು ಹಿಟ್ ಪಾಯಿಂಟ್‌ನಲ್ಲಿ ನಿಲ್ಲಿಸುವ ರಿಲೆಂಟ್‌ಲೆಸ್ ಎಂಡ್ಯೂರೆನ್ಸ್ ಒಳ್ಳೆಯದು, 120 ಅಡಿ ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಶಕ್ತಿ) ಇನ್ನೂ ಒಳ್ಳೆಯದು. ಅಡ್ರಿನಲಿನ್ ರಶ್ ಬಗ್ಗೆ ಮಾತ್ರ ಎಚ್ಚರ ಬೇಕು. ಬೋನಸ್ ಆಕ್ಷನ್‌ನಲ್ಲಿ ಡ್ಯಾಶ್ (ಹೆಚ್ಚು ದೂರ ಓಡುವುದು), ಜೊತೆಗೆ ಸ್ವಲ್ಪ ಟೆಂಪರರಿ ಹಿಟ್ ಪಾಯಿಂಟ್. ಓಡಿ ಹತ್ತಿರವಾಗಬೇಕಾದ್ದು ಮೊದಲ ಸುತ್ತಿನಲ್ಲಿ, ಆ ಸುತ್ತಿನಲ್ಲೇ ರೇಜ್ ಕೂಡ ಬೇಕು. ವರ್ಲ್ಡ್ ಟ್ರೀ ಸಬ್‌ಕ್ಲಾಸ್ (ಬಾರ್ಬೇರಿಯನ್‌ನ ಒಂದು ಒಳಪಂಥ) ಹಿಡಿದವರಿಗೆ ರೇಜ್ ಮಾಡಿದ ಕೂಡಲೇ ಲೆವೆಲ್‌ನಷ್ಟು ಟೆಂಪರರಿ ಹಿಟ್ ಪಾಯಿಂಟ್ ಬರುತ್ತದೆ. ಎರಡೂ ಕೂಡಿಕೊಳ್ಳುವುದಿಲ್ಲ, ಒಂದನ್ನು ಮಾತ್ರ ಇಟ್ಟುಕೊಳ್ಳಬೇಕು. ವೈಲ್ಡ್ ಹಾರ್ಟ್ ಸಬ್‌ಕ್ಲಾಸ್‌ನ ಈಗಲ್ ರೇಜ್‌ನಲ್ಲೇ ಡ್ಯಾಶ್ ಇದೆ, ಆರ್ಕ್‌ನದು ಬೇಕಾಗುವುದಿಲ್ಲ. ಹಾಗಾಗಿ ಆರ್ಕ್ ಚೆನ್ನಾಗಿ ಹೊಂದುವುದು ಉಳಿದ ಸಬ್‌ಕ್ಲಾಸ್‌ಗಳಾದ ಬರ್ಸರ್ಕರ್‌ಗೆ ಮತ್ತು ಝೀಲಟ್‌ಗೆ.

ಡ್ವಾರ್ಫ್ ಲೆಕ್ಕ ಸರಳ, ಮತ್ತು ನನಗೆ ಇಷ್ಟ. ಪ್ರತಿ ಲೆವೆಲ್‌ಗೆ ಒಂದು ಹಿಟ್ ಪಾಯಿಂಟ್ ಹೆಚ್ಚು. ಮೇಲಿನ ಅಂಕಗಳಲ್ಲಿ 5ನೇ ಲೆವೆಲ್‌ಗೆ 55 ಇರಬೇಕಾದ್ದು 60 ಆಗುತ್ತದೆ. ರೇಜ್ ಪೆಟ್ಟನ್ನು ಅರ್ಧ ಮಾಡುವುದರಿಂದ ಆಯುಧದೆದುರು ಆ ಐದು ಹತ್ತಕ್ಕೆ ಸಮ. ಫಾರ್ಮರ್ ಬ್ಯಾಕ್‌ಗ್ರೌಂಡ್‌ನ ಟಫ್ ಫೀಟ್ (ಒಂದು ವಿಶೇಷ ಸಾಮರ್ಥ್ಯ) ಸೇರಿಸಿದರೆ 70. ವಿಷಕ್ಕೆ ರೆಸಿಸ್ಟೆನ್ಸ್ ಕೂಡ ಇದೆ. ಇವಕ್ಕೆಲ್ಲ ಆಕ್ಷನ್ ಖರ್ಚಿಲ್ಲ. ಮೊದಲ ಸಲ ಆಡುವವರು ನನ್ನನ್ನು ಕೇಳಿದರೆ ಡ್ವಾರ್ಫ್ ಎಂದೇ ಹೇಳುತ್ತೇನೆ, ನೆನಪಿಡಬೇಕಾದ್ದು ಕಡಿಮೆ.

ಕುಳ್ಳ ನೋಮ್ ಬಾರ್ಬೇರಿಯನ್ ಎಂದರೆ ಜನ ನಗುತ್ತಾರೆ. ಆದರೆ ಇಂಟೆಲಿಜೆನ್ಸ್, ವಿಸ್‌ಡಮ್, ಕರಿಸ್ಮಾ ಮೂರೂ ಸೇವ್‌ಗಳಿಗೆ ಅಡ್ವಾಂಟೇಜ್ ಇರುವ ಪ್ರಭೇದ ಅದು, ಬಾರ್ಬೇರಿಯನ್‌ನ ದೊಡ್ಡ ತೂತನ್ನು ಮುಚ್ಚುವುದು ಅದೊಂದೇ. 2014ರಲ್ಲಿ ಸ್ಮಾಲ್ ಗಾತ್ರದವರಿಗೆ ಹೆವಿ ಆಯುಧದಲ್ಲಿ ಡಿಸ್‌ಅಡ್ವಾಂಟೇಜ್ ಇತ್ತು. ಈಗ ಸ್ಟ್ರೆಂತ್ 13 ಇದ್ದರೆ ಗ್ರೇಟ್‌ಆ್ಯಕ್ಸ್ ಧಾರಾಳವಾಗಿ ಬೀಸಬಹುದು. ಕೊರತೆ ಗ್ರ್ಯಾಪಲ್‌ನಲ್ಲಿ, ಮೀಡಿಯಂಗಿಂತ ದೊಡ್ಡವರನ್ನು ಹಿಡಿಯಲಾಗದು. ಮಂತ್ರವಾದಿಗಳೇ ಶತ್ರುಗಳಾಗಿರುವ ಕ್ಯಾಂಪೇನ್‌ಗೆ (ಹಲವು ದಿನ ಮುಂದುವರಿಯುವ ಆಟ) ನಾನು ಗೋಲಾಯತ್ ಬಿಟ್ಟು ನೋಮ್ ಹಿಡಿಯುತ್ತೇನೆ.

ಆಸಿಮಾರ್ ಒಂದು ಸಬ್‌ಕ್ಲಾಸ್‌ಗಾಗಿ ಹೇಳಿ ಮಾಡಿಸಿದಂತಿದೆ. ವೈಲ್ಡ್ ಹಾರ್ಟ್‌ನ ಬೇರ್ ರೇಜ್ ನಾಲ್ಕು ಬಗೆ ಬಿಟ್ಟು ಉಳಿದೆಲ್ಲ ಡ್ಯಾಮೇಜ್‌ಗೆ ರೆಸಿಸ್ಟೆನ್ಸ್ ಕೊಡುತ್ತದೆ: ಫೋರ್ಸ್, ನೆಕ್ರೋಟಿಕ್, ಸೈಕಿಕ್, ರೇಡಿಯಂಟ್. ಆಸಿಮಾರ್‌ಗೆ ಹುಟ್ಟಿನಿಂದ ನೆಕ್ರೋಟಿಕ್ ಮತ್ತು ರೇಡಿಯಂಟ್ ರೆಸಿಸ್ಟೆನ್ಸ್ ಇದೆ. ಉಳಿಯುವುದು ಎರಡೇ. ಅದೇ ಬೇರ್ ಜೊತೆ ಡ್ವಾರ್ಫ್ ಹಿಡಿದರೆ ರೇಜ್‌ನಲ್ಲಿರುವಷ್ಟು ಹೊತ್ತು ವಿಷದ ರೆಸಿಸ್ಟೆನ್ಸ್ ವ್ಯರ್ಥ.

ಡ್ರ್ಯಾಗನ್‌ಬಾರ್ನ್ ಪ್ರಭೇದ ಬೆಂಕಿಯಂತೆ ಉಗುಳುವ ಉಸಿರು ಈಗ ಪೂರ್ತಿ ಆಕ್ಷನ್ ತಿನ್ನುವುದಿಲ್ಲ, ಒಂದು ಹೊಡೆತದ ಜಾಗ ಮಾತ್ರ. ಮಂತ್ರವಲ್ಲದ ಕಾರಣ ರೇಜ್‌ನಲ್ಲೂ ನಡೆಯುತ್ತದೆ, ಶತ್ರುವಿನಿಂದ ಸೇವ್ ಮಾಡಿಸುವುದರಿಂದ ರೇಜ್ ಮುಂದುವರಿಯುತ್ತದೆ ಕೂಡ. ಡಿಸಿ (ಆ ಸೇವ್ ಮುಟ್ಟಬೇಕಾದ ಅಂಕ) ಕಾನ್‌ಸ್ಟಿಟ್ಯೂಷನ್ ಮೇಲೆ ನಿಂತಿರುವುದು ಅನುಕೂಲ: 5ನೇ ಲೆವೆಲ್‌ಗೆ 14. ಎಲ್ಫ್ ಮತ್ತು ಟೀಫ್ಲಿಂಗ್‌ಗಳ ಹೆಚ್ಚಿನ ಬಲ ಮಂತ್ರಗಳಲ್ಲಿದೆ, ರೇಜ್‌ನಲ್ಲಿ ಮಂತ್ರ ಹಾಕುವಂತಿಲ್ಲ. ಹ್ಯೂಮನ್‌ಗೆ ಹೆಚ್ಚುವರಿ ಆರಿಜಿನ್ ಫೀಟ್ ಸಿಗುತ್ತದೆ, ಅಲರ್ಟ್ ಹಿಡಿದರೆ ಸರದಿ ಬೇಗ ಬರುತ್ತದೆ.

ಆಟದ ಅವಧಿ ಕೂಡ ಆಯ್ಕೆಯನ್ನು ತಿರುಗಿಸುತ್ತದೆ. ಇಂದಿರಾನಗರ, ಕೋರಮಂಗಲದ ಕೆಫೆಗಳಲ್ಲಿ ಭಾನುವಾರದ ಒನ್-ಶಾಟ್ (ಒಂದೇ ಕೂಟದಲ್ಲಿ ಮುಗಿಯುವ ಆಟ) ಎಂದರೆ ನಾಲ್ಕು ಗಂಟೆ. ಸಿಲ್ಕ್ ಬೋರ್ಡ್ ದಾಟಿ ಬರುವವರಿಗೆ ಕಾದು, ಪಾತ್ರ ಪರಿಚಯ ಮುಗಿಸಿದರೆ ಉಳಿಯುವುದು ಎರಡು ಕಾಳಗಕ್ಕೆ ಸಮಯ. ಅಲ್ಲಿ ಲಾಂಗ್ ರೆಸ್ಟ್‌ಗೆ ಎರಡು-ಮೂರು ಸಲ ಎಂಬ ಮಿತಿ ಮಿತಿಯೇ ಅಲ್ಲ, ಎಲ್ಲವನ್ನೂ ಖರ್ಚು ಮಾಡಬಹುದು, ಗೋಲಾಯತ್ ಹೊಳೆಯುತ್ತದೆ. ಶಾರ್ಟ್ ರೆಸ್ಟ್ ಸಿಗುವುದು ಅಪರೂಪ, ಹಾಗಾಗಿ ಶಾರ್ಟ್ ರೆಸ್ಟ್‌ಗೆ ಮರಳುವ ಅಡ್ರಿನಲಿನ್ ರಶ್‌ನ ವಿಶೇಷ ಅಲ್ಲಿ ಕಾಣುವುದಿಲ್ಲ. ತಿಂಗಳುಗಟ್ಟಲೆ ಮನೆಯಲ್ಲಿ ನಡೆಯುವ, ಒಂದೇ ದಿನದಲ್ಲಿ ಐದಾರು ಕಾಳಗ ಬರುವ ಕ್ಯಾಂಪೇನ್‌ನಲ್ಲಿ ಡ್ವಾರ್ಫ್ ಮತ್ತು ಆರ್ಕ್ ಮೇಲೆ ಬರುತ್ತವೆ.

ಪುಸ್ತಕ ಕೊಳ್ಳುವ ಮುಂಚೆ ಪರೀಕ್ಷಿಸಿ ನೋಡುವವರಿಗೆ ಕ್ರಿಯೇಟಿವ್ ಕಾಮನ್ಸ್‌ನಡಿ ಉಚಿತವಾಗಿ ಸಿಗುವ 5.2 ನಿಯಮಾವಳಿಯ ಪಿಡಿಎಫ್‌ನಲ್ಲಿ ಗೋಲಾಯತ್, ಆರ್ಕ್, ಡ್ವಾರ್ಫ್, ನೋಮ್, ಡ್ರ್ಯಾಗನ್‌ಬಾರ್ನ್ ಎಲ್ಲ ಇವೆ. ಸೋಲ್ಜರ್ ಬ್ಯಾಕ್‌ಗ್ರೌಂಡ್, ಬರ್ಸರ್ಕರ್ ಸಬ್‌ಕ್ಲಾಸ್ ಕೂಡ ಅದರಲ್ಲೇ ಇವೆ. ಆಟಕ್ಕೆ ಮೊದಲು, ಆಟ ನಡೆಸುವ ಡಿಎಂ ಅವರಿಗೆ ಎರಡು ಪ್ರಶ್ನೆ ಕಳಿಸಿ: ಯಾವ ವರ್ಷದ ನಿಯಮ, ಯಾವ ಲೆವೆಲ್‌ನಿಂದ ಶುರು? 2014 ಎಂದರೆ ಮೇಲಿನ ಗೋಲಾಯತ್ ಲೆಕ್ಕ ಬಿಟ್ಟುಬಿಡಿ, ಹಾಫ್-ಆರ್ಕ್ ಅಥವಾ ಮೌಂಟನ್ ಡ್ವಾರ್ಫ್ ಹಿಡಿಯಿರಿ. 2024, 3ನೇ ಲೆವೆಲ್ ಎಂದರೆ ಲಾರ್ಜ್ ಫಾರ್ಮ್ ಇನ್ನೂ ಬಂದಿರುವುದಿಲ್ಲ, ಹಿಲ್ಸ್ ಟಂಬಲ್ ಮತ್ತು ಡ್ವಾರ್ಫ್‌ನ ಹಿಟ್ ಪಾಯಿಂಟ್ ನಡುವೆ ಆರಿಸಿಕೊಳ್ಳಿ.