ಬ್ಯಾರೆಲ್‌ಗೆ ಓಕ್ ಬೇಕಾ? ಮೊದಲು ಕಾಡಿನ ವಿಷಯ ಕೇಳಿ

ವೈನ್, ವಿಸ್ಕಿ ಇಡೋ ಮರದ ಬ್ಯಾರೆಲ್ ಮಾಡೋಕೆ ಓಕ್ ತಗೊಳ್ಳೋರು ಮರದ ಕ್ವಾಲಿಟಿ ಕೇಳ್ತಾರೆ, ರೇಟು ಕೇಳ್ತಾರೆ, ಆ ಮರ ನಿಂತಿದ್ದ ಜಾಗದಲ್ಲಿ ಈಗ ಏನಿದೆ ಅಂತ ಕೇಳೋರು ಕಮ್ಮಿ. ಫ್ರಾನ್ಸಿನ ಕಾಡುಗಳಲ್ಲಿ ಬ್ಯಾರೆಲ್‌ಗೆ ಅಂತ ಕಡಿಯೋ ಓಕ್‌ಗೆ ಸಾಮಾನ್ಯವಾಗಿ 150ರಿಂದ 200 ವರ್ಷ ಆಗಿರುತ್ತೆ. ಅಲ್ಲಿನ ಟ್ರಾನ್ಸೆ ಕಾಡನ್ನ 17ನೇ ಶತಮಾನದಲ್ಲಿ ಕೋಲ್ಬೆರ್ ಅನ್ನೋ ಮಂತ್ರಿ ಹಡಗು ಕಟ್ಟೋಕೆ ಮರ ಬೇಕಾಗುತ್ತೆ ಅಂತ ಕಾಪಾಡಿಸಿದ್ದು, ಈಗ ಅದು ಬ್ಯಾರೆಲ್ ಮರಕ್ಕೇ ಹೆಸರುವಾಸಿ.

ಮೊದಲು ಜಾತಿ ನೋಡ್ಕೊಳ್ಳಿ. ಬಿಳಿ ಓಕ್ ಗುಂಪಿನದ್ದೇ ಬೇಕು, ಅದರ ಚೇಗಿನಲ್ಲಿರೋ (ಕಾಂಡದ ಒಳಗಿನ ಗಟ್ಟಿ ಭಾಗ) ಸಣ್ಣ ಸಣ್ಣ ಕೊಳವೆಗಳು ತಾವಾಗೇ ಮುಚ್ಚಿಕೊಂಡಿರುತ್ತವೆ, ಕೆಂಪು ಓಕ್‌ನಲ್ಲಿ ತೆರೆದೇ ಇರುತ್ತವೆ, ಹಾಗಾಗಿ ಸೋರುತ್ತೆ. ಡೌಟಿದ್ರೆ ಚೇಗಿನಿಂದ ಎಳೆಯುದ್ದಕ್ಕೆ ಎರಡು ಇಂಚಿನ ಚೂರು ತೆಗೆದು, ಒಂದು ತುದಿ ಸೋಪಿನ ನೀರಲ್ಲಿ ಅದ್ದಿ, ಇನ್ನೊಂದು ತುದಿಯಿಂದ ಜೋರಾಗಿ ಊದಿ, ಗುಳ್ಳೆ ಬಂದ್ರೆ ಕೆಂಪು ಓಕ್.

ಆಮೇಲೆ ಕಾಡಿನ ವಿಷಯ, ಇಲ್ಲೇ ಜಾಸ್ತಿ ಟೈಮ್ ಕೊಡಿ. "ನಾವು ಇಡೀ ಕಾಡು ಕಡಿಯಲ್ಲ, ಆರಿಸಿ ಕಡೀತೀವಿ" ಅಂತ ಸಪ್ಲೈಯರ್ ಹೇಳಿದ್ರೆ ಅಷ್ಟಕ್ಕೇ ಖುಷಿಪಡಬೇಡಿ, ಏನನ್ನ ಆರಿಸ್ತೀರಿ ಅಂತ ಕೇಳಿ. ನೆಟ್ಟಗಿರೋ, ಗಂಟಿಲ್ಲದ ಮರಗಳನ್ನ ಮಾತ್ರ ತಗೊಂಡು ಡೊಂಕು ಮರ ಬಿಟ್ಟು ಹೋದ್ರೆ ಕಾಡು ಹಸಿರಾಗೇ ಕಾಣುತ್ತೆ, ಆದ್ರೆ ಮುಂದೆ ಬೀಜ ಉದುರಿಸೋದು ಆ ಉಳಿದ ಕಳಪೆ ಮರಗಳೇ, ನನ್ನ ಪ್ರಕಾರ ಇದು ಕಣ್ಣಿಗೆ ಕಾಣದ ಲೂಟಿ. ಓಕ್ ಸಸಿಗೆ ಬಿಸಿಲು ಬೇಕು, ದಟ್ಟ ನೆರಳಲ್ಲಿ ಮೊಳಕೆ ಬಂದ್ರೂ ಮೇಲೇಳಲ್ಲ. ಅದಕ್ಕೇ ಕಾಳಜಿ ಇರೋರು ಬೀಜ ಚೆನ್ನಾಗಿ ಬಿದ್ದ ವರ್ಷ ನೋಡ್ಕೊಂಡು ದೊಡ್ಡ ಮರಗಳನ್ನ ಹಂತ ಹಂತವಾಗಿ ತೆಗೆದು ಬೆಳಕು ಬಿಡ್ತಾರೆ, ಜಿಂಕೆ ಮೇಯೋ ಕಡೆ ಬೇಲಿ ಹಾಕ್ತಾರೆ. ಆಗೋದಾದ್ರೆ ಹೋಗಿ ನೋಡಿ, ಐದಾರು ವರ್ಷದ ಹಿಂದೆ ಕಡಿದ ಜಾಗ ತೋರಿಸಿ ಅನ್ನಿ, ಮೊಣಕಾಲೆತ್ತರದ ಓಕ್ ಸಸಿಗಳು ಕಾಣಬೇಕು.

ಈಗ ಪೇಪರ್. ಕಾಡನ್ನ ಸರಿಯಾಗಿ ನೋಡ್ಕೊಂಡು ಮರ ಕಡಿದಿದ್ದಾರೆ ಅಂತ ಹೇಳೋದಕ್ಕೆ ಎಫ್‌ಎಸ್‌ಸಿ, ಪಿಇಎಫ್‌ಸಿ ಇವೆರಡೇ ಹೆಚ್ಚಾಗಿ ಸಿಗೋ ಸರ್ಟಿಫಿಕೇಟ್‌ಗಳು. ಆದ್ರೆ ಆಫೀಸಿನ ಗೋಡೆ ಮೇಲೆ ಫ್ರೇಮ್ ಹಾಕಿದ್ದಾರೆ ಅಂದ ಮಾತ್ರಕ್ಕೆ ನಿಮಗೆ ಬರೋ ಲೋಡು ಸರ್ಟಿಫೈಡ್ ಅಂತಲ್ಲ, ಯಾಕಂದ್ರೆ ಒಂದೇ ಸಾಮಿಲ್‌ಗೆ ಸರ್ಟಿಫೈಡ್ ಆದದ್ದು, ಆಗದ್ದು ಎರಡೂ ಥರದ ದಿಮ್ಮಿ ಬರಬಹುದು. ನಿಮ್ಮ ಇನ್‌ವಾಯ್ಸ್‌ನಲ್ಲಿ ಆ ಸರಕಿನ ಎದುರಿಗೇ 'ಎಫ್‌ಎಸ್‌ಸಿ 100%' ಅಂತಲೋ ಅಂಥದ್ದೇ ಇನ್ನೊಂದೋ, ಜೊತೆಗೆ ಸರ್ಟಿಫಿಕೇಟ್ ನಂಬರ್ ಇರಬೇಕು. ಆ ನಂಬರ್‌ನ ಸಂಸ್ಥೆಯ ವೆಬ್‌ಸೈಟಲ್ಲಿ ಹಾಕಿ, ಇನ್ನೂ ಚಾಲ್ತಿಯಲ್ಲಿದೆಯಾ, ಓಕ್ ಅದರಲ್ಲಿ ಸೇರಿದೆಯಾ ನೋಡಿ. ಮಧ್ಯೆ ಸರಕು ಕೊಂಡು ಮಾರಿದ ಒಬ್ಬ ವ್ಯಾಪಾರಿ ಹತ್ರ ಸರ್ಟಿಫಿಕೇಟ್ ಇಲ್ಲ ಅಂದ್ರೂ ಕೊಂಡಿ ತಪ್ಪಿತು, ಆ ಸರಕು ಸರ್ಟಿಫೈಡ್ ಅನ್ನೋ ಹಾಗಿಲ್ಲ.

ಆರ್ಡರ್ ಹಾಕುವಾಗ ವೇಸ್ಟೇಜ್ ಲೆಕ್ಕ ಇಟ್ಕೊಳ್ಳಿ. ಯುರೋಪಿನ ಓಕ್‌ನ ಎಳೆ ಹಿಡಿದೇ ಸೀಳಬೇಕು, ಇಲ್ಲಾಂದ್ರೆ ಸೋರುತ್ತೆ, ಅದರಲ್ಲಿ ಒಂದು ಘನ ಮೀಟರ್ ಬ್ಯಾರೆಲ್ ಪಟ್ಟಿಗೆ (ಬ್ಯಾರೆಲ್‌ನ ಸುತ್ತ ಜೋಡಿಸೋ ಹಲಗೆ) ನಾಲ್ಕೈದು ಘನ ಮೀಟರ್ ದಿಮ್ಮಿ ಹೋಗುತ್ತೆ. ಅಮೆರಿಕದ ಬಿಳಿ ಓಕ್‌ನ ಗರಗಸದಲ್ಲಿ ಕೊಯ್ಯಬಹುದು, ವೇಸ್ಟು ಕಮ್ಮಿ. ವೈನ್ ಬ್ಯಾರೆಲ್‌ಗಾದ್ರೆ ಪಟ್ಟಿಗಳನ್ನ ಬಯಲಲ್ಲಿ 2–3 ವರ್ಷ ಮಳೆ ಬಿಸಿಲಿಗೆ ಬಿಡಬೇಕು, ಸೋ ಅಷ್ಟು ಮುಂಚೇನೇ ಕೊಳ್ಳಿ, ಅರ್ಜೆಂಟಲ್ಲಿ ಕೊಂಡಾಗಲೇ ಪೇಪರ್ ನೋಡದೆ ಬಿಡೋದು. ಒಟ್ಟುವಾಗ ಒಂದೊಂದು ಲಾಟೂ ಬೇರೆ ಬೇರೆ ಇರಲಿ, ಇನ್‌ವಾಯ್ಸ್ ನಂಬರ್ ಪೇಂಟಲ್ಲಿ ಬರೆದ ಹಲಗೆ ಕಟ್ಟಿ, ಚೀಟಿ ಅಂಟಿಸಿದ್ರೆ ಮೊದಲ ಮಳೆಗೇ ಹೋಗುತ್ತೆ.