ಹೊಸ ಡಿಸ್ಕ್ ಕೊಳ್ಳದೆ ಪ್ರಾಕ್ಸಿ ಸರ್ವರ್‌ನಲ್ಲಿ ಜಾಗ ಮಾಡಿಕೊಂಡದ್ದು: ನನ್ನ ಅನುಭವ

ಬದಿಯಡ್ಕದ ಸಮೀಪ ನಾನು ಕೆಲಸ ಮಾಡುವ ವಿದ್ಯಾಸಂಸ್ಥೆಯಲ್ಲಿ ಸುಮಾರು ಅರುವತ್ತು ಕಂಪ್ಯೂಟರುಗಳಿಗೆ ಒಂದೇ ಪ್ರಾಕ್ಸಿ, ಅಂದರೆ ಎಲ್ಲರ ಅಂತರ್ಜಾಲ ಸಂಚಾರವೂ ಹಾದುಹೋಗುವ ನಡುವಣ ಸರ್ವರ್; ಅದರಲ್ಲಿ ಓಡುವ ತಂತ್ರಾಂಶ ಸ್ಕ್ವಿಡ್. ಕಳೆದ ಮಳೆಗಾಲದಲ್ಲಿ ಅದರ ಡಿಸ್ಕಿನಲ್ಲಿ ಲಾಗು (ಚಟುವಟಿಕೆಯ ದಾಖಲೆ) ಮೊದಲಾದವು ಕೂಡುವ ‘ವಾರ್’ ವಿಭಾಗದ 80 ಜಿಬಿ ಪೂರ್ತಿ ತುಂಬಿ ಸ್ಕ್ವಿಡ್ ನಿಂತೇಹೋಯಿತು. ಕೆಲವು ಹಳೆಯ ಕಡತಗಳನ್ನು ಅಳಿಸಿ ಹೇಗೋ ಎಬ್ಬಿಸಿದೆನಾದರೂ ವಾರದೊಳಗೆ ಮತ್ತೆ ಶೇಕಡಾ 97ಕ್ಕೆ ಏರಿತು. ಮಂಗಳೂರಿನಿಂದ ಬಂದ ತಂತ್ರಜ್ಞರು, “ಮಾಷ್ಟ್ರೇ, ಡಿಸ್ಕ್ ಬದಲಿಸದೆ ಬೇರೆ ದಾರಿಯಿಲ್ಲ” ಎಂದು ಹದಿನಾಲ್ಕು ಸಾವಿರದ ಆಸುಪಾಸಿನ ಲೆಕ್ಕ ಕೊಟ್ಟರು. ಬಂದುಹೋದದ್ದಕ್ಕೇ ಸಾವಿರದ ಐನೂರು ತೆಗೆದುಕೊಂಡರು. ನಾನು ಎರಡು ದಿನದ ಅವಕಾಶ ಕೇಳಿದಾಗ ಆಡಳಿತ ಸಮಿತಿಯಲ್ಲಿ ಒಬ್ಬಿಬ್ಬರು ನಕ್ಕದ್ದು ಇನ್ನೂ ನೆನಪಿದೆ.

ಮೊದಲ ದಿನ ನಕ್ಕವರೇ ಸರಿ ಎನಿಸಿತು. ತಂತ್ರಾಂಶ ಅಳವಡಿಸುವಾಗ ಉಳಿದ ಪ್ಯಾಕೇಜು ಸಂಗ್ರಹವನ್ನು ಅಳಿಸಿ, ವ್ಯವಸ್ಥೆಯ ದಿನಚರಿಯಾದ ಜರ್ನಲ್ ಅನ್ನು 200 ಎಂಬಿಗೆ ಇಳಿಸಿದರೂ ಸಿಕ್ಕಿದ್ದು ಎರಡು ಜಿಬಿ ಮಾತ್ರ. ಯಾರು ಯಾವ ತಾಣ ತೆರೆದರೆಂದು ಸ್ಕ್ವಿಡ್ ಬರೆದಿಡುವ ಆಕ್ಸೆಸ್ ಲಾಗ್ ಒಂದೇ 30 ಜಿಬಿಯಷ್ಟು ಬೆಳೆದು ನಿಂತಿರುವುದನ್ನು ಕಂಡು ಹಿಂದೆಮುಂದೆ ನೋಡದೆ ಅಳಿಸಿಬಿಟ್ಟೆ. ಡಿಸ್ಕಿನ ಒಟ್ಟು ಬಳಕೆ ಹೇಳುವ ಡಿಎಫ್ ಆದೇಶ ತೋರಿಸುವ ಅಂಕಿ ಕದಲಲಿಲ್ಲ; ಕಾಣುವ ಕಡತಗಳನ್ನು ಕೂಡಿಸಿ ಹೇಳುವ ಡಿಯು ಮಾತ್ರ ಒಟ್ಟು 42 ಜಿಬಿ ಎಂದಿತು. ಆ 30 ಜಿಬಿ ಎಲ್ಲಿ ಹೋಯಿತೆಂದು ರಾತ್ರಿಯವರೆಗೂ ತಲೆ ಕೆಡಿಸಿಕೊಂಡ ಮೇಲೆ, ತೆರೆದಿರುವ ಕಡತಗಳನ್ನು ತೋರಿಸುವ ಎಲ್‌ಎಸ್‌ಒಎಫ್ ಅನ್ನು ‘ಪ್ಲಸ್ ಎಲ್ ಒಂದು’ ಆಯ್ಕೆಯೊಂದಿಗೆ ಓಡಿಸಿದಾಗ ಕಳ್ಳ ಸಿಕ್ಕಿದ: ಹೆಸರು ಅಳಿದ ಅದೇ ಲಾಗನ್ನು ಸ್ಕ್ವಿಡ್ ಇನ್ನೂ ತೆರೆದಿಟ್ಟುಕೊಂಡು ಬರೆಯುತ್ತಲೇ ಇತ್ತು. ಮರುದಿನ ಆನ್‌ಲೈನ್ ಪರೀಕ್ಷೆ ನಡೆಯುತ್ತಿದ್ದುದರಿಂದ ಮರುಚಾಲನೆಯ ಗೋಜಿಗೆ ಹೋಗದೆ ಲಾಗನ್ನು ಮುಚ್ಚಿ ಹೊಸದನ್ನು ತೆರೆಯಿಸುವ ‘ಸ್ಕ್ವಿಡ್ ಕೆ ರೊಟೇಟ್’ ಆದೇಶ ಕೊಟ್ಟೆ. ಕಣ್ಣೆದುರೇ ಶೇಕಡಾ 55ಕ್ಕೆ ಇಳಿಯಿತು.

ಲಾಗ್ ಇಷ್ಟು ಬೆಳೆದದ್ದೇಕೆಂದರೆ, ನನಗಿಂತ ಮೊದಲಿದ್ದವರು, ಲಾಗುಗಳನ್ನು ಆಗಾಗ ಬದಲಿಸಿ ಹಳೆಯವನ್ನು ತೆಗೆಯುವ ಲಾಗ್‌ರೊಟೇಟ್‌ನ ಸಂರಚನೆಯಿಂದ ಸ್ಕ್ವಿಡ್‌ನ ಹೆಸರನ್ನೇ ತೆಗೆದುಹಾಕಿದ್ದರು. ಈಗ ಸ್ಕ್ವಿಡ್‌ನಲ್ಲಿ ‘ಲಾಗ್‌ಫೈಲ್ ರೊಟೇಟ್’ ಸೊನ್ನೆ ಮಾಡಿ, ಸರದಿಯ ಕೆಲಸವನ್ನು ಲಾಗ್‌ರೊಟೇಟ್ ಒಂದಕ್ಕೇ ಬಿಟ್ಟಿದ್ದೇನೆ. ಇಬ್ಬರೂ ತಿರುಗಿಸಹೊರಟರೆ ಹಳೆಯ ಕಡತಗಳ ಅಂಕೆಗಳೆಲ್ಲ ಕಲಸಿಹೋಗುತ್ತವೆ. ಹಳೆಯ ಲಾಗುಗಳನ್ನು ಎಕ್ಸ್‌ಜಡ್‌ನಿಂದ ಕುಗ್ಗಿಸುವ ಪ್ರಯೋಗವನ್ನೂ ಮಾಡಿದೆ. ನಮ್ಮ ಹಳೆಯ ಎರಡು ಕೋರಿನ ಯಂತ್ರ ರಾತ್ರಿಯಿಡೀ ಏದುಸಿರು ಬಿಟ್ಟಿತೇ ಹೊರತು, ಜಿಜಿಪ್‌ಗಿಂತ ಹೆಚ್ಚಾಗಿ ಉಳಿದ ಜಾಗ ಆ ಶ್ರಮಕ್ಕೆ ತಕ್ಕದ್ದಾಗಿರಲಿಲ್ಲ. ಜಿಜಿಪ್‌ನಲ್ಲೇ ಗಾತ್ರ ಹತ್ತನೆಯ ಒಂದಕ್ಕೆ ಇಳಿಯುತ್ತದೆ, ಸಾಕು.

ನಿಜವಾದ ಹೊರೆ ಕ್ಯಾಶ್, ಎಂದರೆ ಮತ್ತೆ ಕೇಳಿದಾಗ ಕೊಡಲೆಂದು ಪುಟಗಳ ಪ್ರತಿಗಳನ್ನು ಕೂಡಿಡುವ ಜಾಗ. ಅದಕ್ಕೆ 40 ಜಿಬಿ ಮೀಸಲಿಟ್ಟಿದ್ದರು. ಇಂದು ಬಹುಪಾಲು ಸಂಚಾರ ಗೂಢಲಿಪಿಯ ಎಚ್‌ಟಿಟಿಪಿಎಸ್ ಸುರಂಗದೊಳಗೆ ಹಾದುಹೋಗುವುದರಿಂದ ಸ್ಕ್ವಿಡ್ ಅದನ್ನು ಸಂಗ್ರಹಿಸುವುದೇ ಇಲ್ಲ. ನಾನು ಲೆಕ್ಕ ಹಾಕಿದ ವಾರ ಬೈಟ್‌ಗಳಲ್ಲಿ ಶೇಕಡಾ ಮೂರರಷ್ಟು ಕೂಡ ಕ್ಯಾಶಿನಿಂದ ಬಂದಿರಲಿಲ್ಲ. ಇದನ್ನು ಕಂಡ ಆತುರದಲ್ಲಿ, ಸ್ಕ್ವಿಡ್ ಓಡುತ್ತಿರುವಾಗಲೇ ಕ್ಯಾಶಿನ ಕೆಲವು ಕಡತಗಳನ್ನು ಅಳಿಸಿ ಎರಡನೆಯ ಬಾರಿ ಎಡವಿದೆ. ಸ್ಕ್ವಿಡ್ ಮೆಮೊರಿಯಲ್ಲಿ ಇಟ್ಟುಕೊಂಡ ಪಟ್ಟಿಯ ಪ್ರಕಾರ ಅಳಿಸಿದ ಕಡತಗಳು ಇನ್ನೂ ಇವೆಯೆಂದೇ ನಂಬಿದ್ದರಿಂದ, ಲಾಗಿನ ತುಂಬ ಪ್ರತಿ ಸಿಗಲಿಲ್ಲವೆಂಬ ‘ಸ್ವಾಪ್‌ಫೇಲ್ ಮಿಸ್’ ಸಾಲುಗಳು. ಶನಿವಾರ ಸ್ಕ್ವಿಡ್ ನಿಲ್ಲಿಸಿ, ಕ್ಯಾಶ್ ಫೋಲ್ಡರಿನ ಹೆಸರು ಬದಲಿಸಿ, 4 ಜಿಬಿಯ ಹೊಸ ಕ್ಯಾಶನ್ನು ‘ಸ್ಕ್ವಿಡ್ ಜಡ್’ ಆದೇಶದ ಮೂಲಕ ರಚಿಸಿ, ಸೇವೆ ಆರಂಭಿಸಿದೆ. ಸೇವೆ ಐದು ನಿಮಿಷ ಮಾತ್ರ ನಿಂತಿತ್ತು. ಹಳೆಯದನ್ನು ಕಡಿಮೆ ಆದ್ಯತೆಯಲ್ಲಿ ಹಿನ್ನೆಲೆಯಲ್ಲಿ ಅಳಿಸಲು ಬಿಟ್ಟರೆ, ಲಕ್ಷಗಟ್ಟಲೆ ಸಣ್ಣ ಕಡತಗಳಾದ್ದರಿಂದ ಮೂರು ಗಂಟೆ ಹಿಡಿಯಿತು.

ಡಿಸ್ಕಿನ ಕಡತವ್ಯವಸ್ಥೆಯಾದ ಎಕ್ಸ್ಟ್4, ಮೂಲಬಳಕೆದಾರನಿಗೆಂದು (ಆಡಳಿತಗಾರನ ರೂಟ್ ಖಾತೆಗೆ) ಕಾದಿರಿಸುವ ಶೇಕಡಾ ಐದನ್ನು ಟ್ಯೂನ್2ಎಫ್‌ಎಸ್ ಆದೇಶದಿಂದ ಒಂದಕ್ಕೆ ಇಳಿಸಿ ಇನ್ನೂ ಮೂರು ಜಿಬಿ ಪಡೆದೆ. ಲಾಗಿನಲ್ಲಿ ಯಾವ ಸಾಲುಗಳನ್ನು ಬರೆಯಲೇಬಾರದೆಂಬ ನನ್ನ ಪಟ್ಟಿಯೊಂದಿದೆ. ಅದರಿಂದ ಲಾಗ್ ಅರ್ಧಕ್ಕಿಂತ ಕಡಿಮೆಯಾಗಿದೆ. ಅದನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ.

ಆರು ತಿಂಗಳ ನಂತರವೂ ಬಳಕೆ 12 ಜಿಬಿ ದಾಟಿಲ್ಲ. ಡಿಸ್ಕಿಗೆಂದು ಮಂಜೂರಾಗಿದ್ದ ಹಣದಲ್ಲಿ ಸಮಿತಿಯವರು ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದರು. ಬ್ಯಾಟರಿಯ ಮಂಜೂರಾತಿಗೆ ಮೊದಲು ಸಹಿ ಹಾಕಿದವರು ಅಂದು ನಕ್ಕವರೇ.