ಫಿಶ್ ಫೈಂಡರ್‌ಗೆ ಆಯಿಲ್ ಕ್ಯಾನಿನ ಟೊಪ್ಪಿ

ಕಾರವಾರದ ಬೈತಖೋಲ ಬಂದರಿನಿಂದ ಬೆಳಿಗ್ಗೆ ದೋಣಿ ಬಿಟ್ಟರೆ ನಮ್ಮ ಮುಖ ಪಶ್ಚಿಮಕ್ಕೆ. ಸೂರ್ಯ ಹಿಂದೆ, ಘಟ್ಟದ ಮೇಲಿಂದ ಏರುತ್ತಾನೆ. ನೀರಡಿಯ ಮೀನು ತೋರಿಸುವ ಯಂತ್ರ ಫಿಶ್ ಫೈಂಡರ್. ಅದರ ಪರದೆ ಇರುವುದು ನನ್ನ ಕಡೆಗೆ. ಹಾಗಾಗಿ ಬಿಸಿಲು ನನ್ನ ಹೆಗಲು ದಾಟಿ ಸೀದಾ ಅದರ ಮೇಲೆ ಬೀಳುತ್ತದೆ. ಸಂಜೆ ಬರುವಾಗ ಮುಖ ಪೂರ್ವಕ್ಕೆ, ಸೂರ್ಯ ಮತ್ತೆ ಬೆನ್ನಿಗೆ. ಹೋಗುವಾಗಲೂ ಅದೇ ಗೋಳು, ಬರುವಾಗಲೂ ಅದೇ. ನಮ್ಮದು ಮೇಲೆ ನೆರಳಿಲ್ಲದ ಸಣ್ಣ ಫೈಬರ್ ದೋಣಿ.

ಮಳೆಗಾಲ ಮುಗಿದು ಬಿಸಿಲು ಬಲಿತಾಗ ಪರದೆಯಲ್ಲಿ ಬಂಗಡೆ ಗುಂಪಿನ ಬದಲು ನನ್ನ ಬಿಳಿ ಬನಿಯನ್ನೇ ಕಾಣುತ್ತಿತ್ತು. ಬ್ರೈಟ್‌ನೆಸ್ ಪೂರ್ತಿ ಏರಿಸಿದರೂ ಮಬ್ಬು. ಹೊಸದೇ ತಗೋಬೇಕೇನೋ ಅಂದುಕೊಂಡೆ.

"ತಮಾ, ಮೊದಲು ಆ ಕಪ್ಪು ಕನ್ನಡಕ ತೆಗಿ" ಅಂದರು ಭಾವ.

ತೆಗೆದೆ. ಪರದೆಗೆ ಅರ್ಧ ಜೀವ ಬಂತು! ನನ್ನದು ಪೋಲರೈಸ್ಡ್ ಕನ್ನಡಕ. ನೀರಿನ ಹೊಳಪು ತಡೆಯಲು ಒಳ್ಳೆಯದೇ, ಆದರೆ ಎಲ್‌ಸಿಡಿ ಪರದೆಯ ಬೆಳಕನ್ನೂ ತಡೆಯುತ್ತದೆ. ಕನ್ನಡಕವನ್ನು ಪರದೆ ಎದುರು ಹಿಡಿದು ನಿಧಾನ ತಿರುಗಿಸಿ ನೋಡಿ. ಒಂದು ಕೋನದಲ್ಲಿ ಪೂರ್ತಿ ಕಪ್ಪಾದರೆ ನಿಮ್ಮದೂ ಅದೇ ಜಾತಿ.

ಆಮೇಲೆ ಟೊಪ್ಪಿ. ಇಂಜಿನ್ ಆಯಿಲ್‌ನ 5 ಲೀಟರ್ ಖಾಲಿ ಕ್ಯಾನ್ ಒಂದಿತ್ತು. ಸೋಪು ಹಾಕಿ ತೊಳೆದು, ಮೇಲೆ ಮತ್ತು ಎರಡು ಬದಿ ಉಳಿಯುವಂತೆ ಕತ್ತರಿಸಿದೆ. ಪರದೆಯಿಂದ ಒಂದು ಗೇಣು ಮುಂದಕ್ಕೆ ಚಾಚಿಕೊಂಡಿದೆ. ಒಳಗೆ ಮೊದಲು ಮನೆಯಲ್ಲಿದ್ದ ಕಪ್ಪು ಎನಾಮಲ್ ಬಳಿದೆ. ದಡ್ಡ ಕೆಲಸ! ಅದೇ ಕನ್ನಡಿ ಹಾಗೆ ಹೊಳೆಯಿತು. ಉಜ್ಜಿ ತೆಗೆದು ಶಾಲೆಯ ಕಪ್ಪುಹಲಗೆಗೆ ಬಳಿಯುವ ಪೇಂಟ್ ಹಚ್ಚಿದೆ. ಅದಕ್ಕೆ ಹೊಳಪೇ ಇಲ್ಲ. ಗಾಳಿಗೆ ಹಾರದಂತೆ ಬಲೆಯ ನೈಲಾನ್ ದಾರದಲ್ಲಿ ಬಿಗಿದಿದ್ದೇನೆ.

ಸೆಟ್ಟಿಂಗ್‌ನಲ್ಲಿ ನೀಲಿ ಹಿನ್ನೆಲೆ ಬಿಟ್ಟು ಬಿಳಿ ಹಿನ್ನೆಲೆ ಹಾಕಿದೆ. ಕಡು ಬಣ್ಣದ ಪರದೆಯಲ್ಲೇ ಪ್ರತಿಬಿಂಬ ಜಾಸ್ತಿ ಕಾಣುವುದು. ಉಪ್ಪು ಕೂತರೂ ಪರದೆ ಮಂಜಾಗುತ್ತದೆ. ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಸಿಹಿನೀರು ಹನಿಸಿ, ಆಮೇಲೆ ಮೆತ್ತಗೆ ಒರೆಸಬೇಕು.

ನಡು ಮಧ್ಯಾಹ್ನ ಈಗ ಚಿಂತೆ ಇಲ್ಲ. ತಳದ ಗೆರೆ, ಅದರ ಮೇಲೆ ಮೀನಿನ ಗುಂಪು, ಎರಡೂ ಬೇರೆ ಬೇರೆ ಕಾಣುತ್ತವೆ. ಸಂಜೆಯ ಇಳಿಬಿಸಿಲು ಮಾತ್ರ ಟೊಪ್ಪಿಯೊಳಗೇ ನುಗ್ಗುತ್ತದೆ. ಆಗ ಪರದೆಯನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ, ನನ್ನ ನೆರಳು ಅದರ ಮೇಲೆ ಬೀಳುವಂತೆ ಕೂರುತ್ತೇನೆ. ಬಿಳಿ ಬನಿಯನ್ ಬಿಟ್ಟು ಕಡುನೀಲಿ ಅಂಗಿ ಹಾಕುತ್ತೇನೆ. ದಿನಾ ಅದೊಂದೇ ಅಂಗಿ ಯಾಕೆ ಅಂತ ಮನೆಯಲ್ಲಿ ಇನ್ನೂ ಕೇಳುತ್ತಿದ್ದಾರೆ.